ಲಾವಾಕ್ಕೆ ಎಸೆಯೋ ಮುಂಚೆ ಒಂದ್ ನಿಮಿಷ

1/6
ಭಾನುವಾರ ರಾತ್ರಿ ನಮ್ಮ ಮೈನ್‌ಕ್ರಾಫ್ಟ್ ವರ್ಲ್ಡ್‌ನಲ್ಲಿ ಯಾರೋ ಪುಣ್ಯಾತ್ಮರು ಬೇಸ್ ಕ್ಲೀನ್ ಮಾಡಿದ್ರು. ಎರಡು ಚೆಸ್ಟ್ ತುಂಬ ಇದ್ದ ಹಳೇ ಐರನ್ ಆರ್ಮರ್, ಸವೆದ ಕತ್ತಿ, ಸ್ಕೆಲಿಟನ್‌ಗಳಿಂದ ಸಿಕ್ಕ ಬಿಲ್ಲು, ಎಲ್ಲಾ ಲಾವಾಕ್ಕೆ. ಗ್ರೂಪಲ್ಲಿ ಮೆಸೇಜ್ ಬೇರೆ: "ಕಸ ಹೋಯ್ತು, ಥ್ಯಾಂಕ್ಸ್ ಹೇಳ್ರೋ."
ಹೇಳಲ್ಲ. ಸೋಮವಾರ ಹೊಸದಾಗಿ ಸೇರಿದ ಜೂನಿಯರ್ ಹುಡುಗ ಮೈಮೇಲೆ ಏನೂ ಇಲ್ಲದೆ ಗುಹೆಗೆ ಇಳಿದ. ಮೂರು ಸಲ ಸತ್ತ. ಲಾಗೌಟ್ ಆದವನು ಇನ್ನೂ ವಾಪಸ್ ಬಂದಿಲ್ಲ. ಈಗ ಹೇಳಿ, ಸುಟ್ಟಿದ್ದು ಕಸಾನಾ?

2/6
"ಫರ್ನೇಸ್‌ಗೆ ಹಾಕಿ ರೀಸೈಕಲ್ ಮಾಡ್ಬೇಕಿತ್ತು" ಅನ್ನೋ ಜಾಣರಿಗೂ ಒಂದು ಮಾತು. ಲೆಕ್ಕ ಮಾಡಿದ್ದೀರಾ?
ಐರನ್ ಚೆಸ್ಟ್‌ಪ್ಲೇಟ್ ಮಾಡೋಕೆ 8 ಇಂಗಟ್ ಬೇಕು. ಒಂದು ಇಂಗಟ್ ಅಂದ್ರೆ 9 ನಗೆಟ್, ಅಲ್ಲಿಗೆ 72 ನಗೆಟ್. ಕರಗಿಸಿದ್ರೆ ಸಿಗೋದು? ಒಂದೇ ಒಂದು ನಗೆಟ್. ಹೆಲ್ಮೆಟ್‌ನಿಂದ ಬೂಟ್ಸ್‌ವರೆಗೆ ಪೂರ್ತಿ ಸೆಟ್‌ಗೆ 24 ಇಂಗಟ್ ಹೋಗುತ್ತೆ, ವಾಪಸ್ ಬರೋದು 4 ನಗೆಟ್. ಅರ್ಧ ಇಂಗಟ್ಟೂ ಆಗಲ್ಲ. ಡೈಮಂಡ್ ಗೇರ್ ಅಂತೂ ಫರ್ನೇಸಲ್ಲಿ ಕರಗೋದೇ ಇಲ್ಲ.

3/6
ಬಿಕಾಂ ಹುಡುಗರಿಗೆ ಇದು ಗೊತ್ತಿರಬೇಕು. ಸ್ಕ್ರ್ಯಾಪ್ ವ್ಯಾಲ್ಯೂ ನೋಡೋದು ಆ ವಸ್ತುವಿನ ಕೆಲಸ ಮುಗಿದ ಮೇಲೆ. ಕೆಲಸ ಮುಗೀತು ಅಂತ ನಿಮಗೆ ಹೇಳಿದ್ಯಾರು?
ಎಷ್ಟೋ ಜನ ಗಮನಿಸದ ವಿಷಯ: ಮುಕ್ಕಾಲು ಸವೆದ ಚೆಸ್ಟ್‌ಪ್ಲೇಟ್ ಕೂಡ ಹೊಸದರಷ್ಟೇ ಕಾಪಾಡುತ್ತೆ. 6 ಆರ್ಮರ್ ಪಾಯಿಂಟ್ ಅಂದ್ರೆ 6, ಮುರಿಯೋ ಕ್ಷಣದವರೆಗೂ. ಫರ್ನೇಸಲ್ಲಿ ಅದರ ಬೆಲೆ ಒಂದು ನಗೆಟ್. ಜೂನಿಯರ್ ಮೈಮೇಲೆ ಇದ್ದಿದ್ರೆ, ಬಹುಶಃ ಅವನು ಇವತ್ತೂ ಆಡ್ತಿದ್ದ.
ಅದಕ್ಕೇ ಮೊದಲನೇ ರೂಲ್: ಹಾಕ್ಕೊಳ್ಳೋರು ಇದ್ರೆ ಕೊಡಿ.

4/6
ತಗೊಳ್ಳೋರು ಇಲ್ವಾ? ಕೂಡಿಸಿ. 250 ಡ್ಯೂರಬಿಲಿಟಿಯ ಎರಡು ಐರನ್ ಕತ್ತಿಗಳಲ್ಲಿ ತಲಾ 100 ಉಳಿದಿದೆ ಅಂದ್ಕೊಳ್ಳಿ. ಗ್ರೈಂಡ್‌ಸ್ಟೋನ್‌ನಲ್ಲಿ ಸೇರಿಸಿದ್ರೆ 200ರ ಮೇಲೆ 5% ಬೋನಸ್, ಒಟ್ಟು 212. ಡೈಮಂಡ್‌ಗೂ ಇದು ನಡೆಯುತ್ತೆ.
ಬೇಡದ ಎನ್‌ಚಾಂಟ್‌ಮೆಂಟ್ ಇದ್ರೆ ಅದೇ ಗ್ರೈಂಡ್‌ಸ್ಟೋನ್ ಅದನ್ನ ತೆಗೆದು ಒಂದಿಷ್ಟು ಎಕ್ಸ್‌ಪಿ ಕೊಡುತ್ತೆ. ಆದ್ರೆ ಹುಷಾರು, ಮೆಂಡಿಂಗ್ ಇರೋದನ್ನ ತಪ್ಪಿ ಹಾಕಿದ್ರೆ ಮೆಂಡಿಂಗೂ ಹೋಯ್ತು. ಆಮೇಲೆ ಬಾಯಿ ಬಡ್ಕೊಂಡ್ರೂ ಬರಲ್ಲ.

5/6
ಇದೆಲ್ಲ ಆದ್ಮೇಲೆ ಉಳಿದಿದ್ದಕ್ಕೆ ಫರ್ನೇಸ್. ಬ್ಲಾಸ್ಟ್ ಫರ್ನೇಸ್ ಇದ್ರೆ ಎರಡು ಪಟ್ಟು ಬೇಗ. ಒಂದು ಕಲ್ಲಿದ್ದಲಲ್ಲಿ 8 ಐಟಂ ಕರಗುತ್ತೆ. ಎಂಟೂ ಐರನ್ನಿದ್ದಾದ್ರೆ 8 ನಗೆಟ್, ಜೊತೆಗೆ ಒಂದು ಟಾರ್ಚ್, ಒಂದು ಲ್ಯಾಂಟರ್ನ್ ರೆಡಿ. ಗೋಲ್ಡ್ ನಗೆಟ್ 8 ಆದ್ರೆ ಒಂದು ಕ್ಯಾರೆಟ್ ಸೇರಿಸಿ ಗೋಲ್ಡನ್ ಕ್ಯಾರೆಟ್. ಆಟದಲ್ಲಿ ಅದಕ್ಕಿಂತ ಹೊಟ್ಟೆ ನಿಲ್ಲೋ ಊಟ ಅಪರೂಪ.
ಅಂದ್ರೆ ಕೊಡು, ಕೂಡಿಸು, ಉಜ್ಜು, ಕೊನೆಗೆ ಕರಗಿಸು. ಲಾವಾ ಈ ಲಿಸ್ಟಲ್ಲೇ ಇಲ್ಲ.

6/6
"ನಮ್ಮತ್ರ ಐರನ್ ಫಾರ್ಮ್ ಇದೆ, ಈ ಗುಜರಿ ಯಾರಿಗ್ ಬೇಕು?" ಅಂತೀರಾ. ಫಾರ್ಮ್ ಇರೋದು ನಿಮಗೆ. ಮೊದಲ ದಿನ ಬಂದವನಿಗೆ ಏನಿದೆ? ನಮಗೂ ಮೊದಲ ದಿನ ಏನಿತ್ತು? ಚೆಸ್ಟಲ್ಲಿ ಜಾಗ ಇಲ್ಲ ಅನ್ನೋದು ನೆಪ. 8 ಮರದ ಹಲಗೆ ಹಾಕಿದ್ರೆ ಹೊಸ ಚೆಸ್ಟ್.
ನಾನೂ ಸಾಚಾ ಅಲ್ಲ, ಕಳೆದ ವರ್ಷ ರಾಶಿ ರಾಶಿ ಎಸ್ದಿದ್ದೀನಿ. ಆಗ ನನ್ನ ಸ್ವಂತ ವರ್ಲ್ಡ್, ನಷ್ಟವೂ ನಂದೇ. ಇದು ಏಳು ಜನರದ್ದು.
ಇವತ್ತು ಸ್ಪಾನ್ ಪಾಯಿಂಟ್ ಪಕ್ಕ ಒಂದು ಚೆಸ್ಟ್ ಇಟ್ಟಿದ್ದೀನಿ. ಬೋರ್ಡ್ ಮೇಲೆ "ಬೇಕಾದ್ದು ತಗೊಳ್ಳಿ, ಕೇಳೋದ್ ಬೇಡ" ಅಂತ ಬರ್ದಿದ್ದೀನಿ. ನಿಮ್ಮ ಹಳೇದು ತಂದು ಹಾಕಿ.
ಜೂನಿಯರ್, ಇದನ್ನ ಓದ್ತಿದ್ರೆ ವಾಪಸ್ ಬಾರೋ. ನಿನಗೊಂದು ಸೆಟ್ ಎತ್ತಿಟ್ಟಿದ್ದೀನಿ.

#ಮೈನ್‌ಕ್ರಾಫ್ಟ್‌ಕನ್ನಡ #ಲಾವಾಬೇಡ #ಕನ್ನಡಗೇಮರ್ಸ್