ಅಜ್ಜಿಯ ಮರೆವು, ಅಯಸ್ಕಾಂತದ ಚಿತ್ರ

ಅಜ್ಜಿ "ನನ್ನ ಇಶಾ ನಮಾಝ್ ಆಯಿತೇ?" ಎಂದು ನಾಲ್ಕು ಬಾರಿ ಕೇಳಿದರೆ ಗುಬ್ಬಿ, ಕುಣಿಗಲ್ ಕಡೆಯ ಮನೆಗಳಲ್ಲಿ "ವಯಸ್ಸಾಯಿತಲ್ಲ" ಎಂದು ಸುಮ್ಮನಾಗುತ್ತೇವೆ. ತುಮಕೂರಿನ ವೈದ್ಯರು ಎಂ.ಆರ್.ಐ. ಬರೆದುಕೊಟ್ಟರೆ ಹೆದರುತ್ತೇವೆ. ಸಂಶೋಧನೆಗೆಂದು ಮೆದುಳಿನ ಚಿತ್ರ ಕೇಳಿದರಂತೂ, "ನಮ್ಮ ಮೇಲೆ ಪ್ರಯೋಗವೇ?" ಎನ್ನುತ್ತೇವೆ.

ಕೇಳಬೇಕಾದ ಪ್ರಶ್ನೆಯೇ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗರೂ ಕೇಳಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು 2018ರಲ್ಲಿ ಅಲ್ಲಿ ದೀರ್ಘಕಾಲದ ಅಧ್ಯಯನ ಆರಂಭಿಸಿತು. 45 ದಾಟಿದ 10,000 ಮಂದಿಯನ್ನು ಸೇರಿಸಿಕೊಳ್ಳುವುದು ಗುರಿ. ರಕ್ತ ಪರೀಕ್ಷೆ, ನೆನಪಿನ ಪರೀಕ್ಷೆಗಳ ಜೊತೆಗೆ ಎಂ.ಆರ್.ಐ. ಕೂಡ ಅದರಲ್ಲಿದೆ. ಮರೆವಿನ ರೋಗದ ಬಗ್ಗೆ ಜಗತ್ತು ಕಲಿತದ್ದರಲ್ಲಿ ಬಹುಪಾಲು ಪಾಶ್ಚಾತ್ಯರ ಮೆದುಳು ನೋಡಿ. ಮುದ್ದೆ ತಿಂದು ಹೊಲದಲ್ಲಿ ದುಡಿದ, ಶಾಲೆ ಕಾಣದ ನಮ್ಮ ಹಿರಿಯರ ಲೆಕ್ಕ ಅದರಲ್ಲಿ ತೀರಾ ಕಡಿಮೆ.

ಈ ಯಂತ್ರದಲ್ಲಿ ಎಕ್ಸ್‌ರೇ ಇಲ್ಲ. ಅಯಸ್ಕಾಂತ ಮತ್ತು ರೇಡಿಯೋ ಅಲೆಗಳ ಬಲದಿಂದ, ದೇಹದ ನೀರಿನಲ್ಲಿರುವ ಜಲಜನಕವೇ ಚಿತ್ರ ಮೂಡಿಸುತ್ತದೆ. ಮನಸ್ಸಿನ ಗುಟ್ಟು ಅದಕ್ಕೆ ತಿಳಿಯದು. ಮೆದುಳು ಎಲ್ಲಿ ಕುಗ್ಗಿದೆ ಎಂಬುದು ಕಾಣುತ್ತದೆ. ಸದ್ದು ಮಾತ್ರ ಬಹಳ. ಅಪಾಯವಿರುವುದು ಲೋಹದಿಂದ. ಸ್ಕಾರ್ಫಿನ ಪಿನ್ನು, ತಾಯಿತದ ತಗಡು, ಬಳೆ ಎಲ್ಲವನ್ನೂ ತೆಗೆದಿಡಿ. ಪೇಸ್‌ಮೇಕರ್, ಮೂಳೆಗೆ ಹಾಕಿದ ರಾಡು ಇದ್ದರೆ ಮೊದಲೇ ಹೇಳಿ. ಮಹಿಳಾ ಸಿಬ್ಬಂದಿ ಬೇಕೆಂದು ಕೇಳಲು ಸಂಕೋಚ ಬೇಡ.

ಸಂಶೋಧನೆಗಾದರೆ ಒಪ್ಪಿಗೆ ಪತ್ರವನ್ನು ಅಜ್ಜಿಗೆ ತಿಳಿಯುವ ಭಾಷೆಯಲ್ಲೇ ಓದಿಸಿ. ಬೇಡವೆನಿಸಿದಾಗ ನಡುವೆಯೇ ಹೊರಬರಬಹುದು, ಅದಕ್ಕಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಮಗ ಸಹಿ ಹಾಕಿದನೆಂದು ಮುಗಿಯಲಿಲ್ಲ. ಅವರಿಗೆ ಅರ್ಥವಾಗುವಷ್ಟು ದಿನ ಅವರನ್ನೇ ಕೇಳಬೇಕು.