ದುಡ್ಡು ನಿಮ್ಮದು, ಬೀಗದ ಕೈ ಯಾರದು?

ಕನ್ನಡದ ಹುಡುಗರೇ, ಹುಡುಗಿಯರೇ, ನಿಮ್ಮ ಜೇಬಿನಲ್ಲಿರುವ ಫೋನಿಗೆ ಒಡೆಯರು ಯಾರು? ಹದಿನೈದೋ ಇಪ್ಪತ್ತೋ ಸಾವಿರ ಎಣಿಸಿ ಕೊಟ್ಟವರು ನೀವು. ತಿಂಗಳ ಕಂತು ಕಟ್ಟುತ್ತಿರುವವರೂ ನೀವೇ. ಹಾಗಿದ್ದರೆ ಕಂಪನಿಯವರು ಅದರಲ್ಲಿ ತುಂಬಿ ಕಳಿಸಿದ, ನೀವು ಒಂದು ದಿನವೂ ತೆರೆಯದ ಆ್ಯಪ್‌ಗಳನ್ನು ಕಿತ್ತೆಸೆಯಿರಿ ನೋಡೋಣ. ಕೆಲವು ಹೋಗುತ್ತವೆ. ಕೆಲವು ಜಪ್ಪಯ್ಯ ಎಂದರೂ ಹೋಗುವುದಿಲ್ಲ. ಮನೆ ನಿಮ್ಮದು, ಒಂದು ಕೋಣೆಯ ಬೀಗದ ಕೈ ಮಾತ್ರ ಕಟ್ಟಿಕೊಟ್ಟ ಮೇಸ್ತ್ರಿಯ ಸೊಂಟದಲ್ಲಿ! ಇದು ಯಾವ ಸೀಮೆಯ ಮಾಲೀಕತ್ವ ಸ್ವಾಮಿ?

ಆಂಡ್ರಾಯ್ಡ್ ನಿಂತಿರುವುದು ಲಿನಕ್ಸ್ ತಳಹದಿಯ ಮೇಲೆ. ಲಿನಕ್ಸ್‌ನಲ್ಲಿ ಎಲ್ಲ ಅಧಿಕಾರವೂ ಇರುವ ಬಳಕೆದಾರನಿಗೆ 'ರೂಟ್' ಎಂದು ಹೆಸರು. ಅವನು ಯಾವ ಕಡತವನ್ನಾದರೂ ತೆಗೆಯಬಹುದು, ಬದಲಿಸಬಹುದು. ಅಂಗಡಿಯಿಂದ ತಂದ ಫೋನಿನಲ್ಲಿ ಆ ಸ್ಥಾನ ನಿಮಗಿಲ್ಲ. ಅದನ್ನು ಪಡೆದುಕೊಳ್ಳುವುದಕ್ಕೇ ರೂಟ್ ಮಾಡುವುದು ಎನ್ನುತ್ತಾರೆ. ಅದಕ್ಕೂ ಕೆಳಗೆ ಇನ್ನೊಂದು ಬೀಗವಿದೆ, ಬೂಟ್‌ಲೋಡರ್. ಫೋನ್ ಆನ್ ಆದೊಡನೆ ಮೊದಲು ಎಚ್ಚರಗೊಳ್ಳುವ ಪುಟ್ಟ ಪ್ರೋಗ್ರಾಂ ಅದು. ಒಳಗಿನ ತಂತ್ರಾಂಶದ ಮೇಲೆ ಕಂಪನಿಯ ಸಹಿ ಇದೆಯೇ ಎಂದು ನೋಡಿ, ಇದ್ದರಷ್ಟೇ ಮುಂದೆ ಬಿಡುತ್ತದೆ. ಈ ಬೀಗ ತೆರೆದರೆ ಕಂಪನಿಯ ತಂತ್ರಾಂಶ ಅಳಿಸಿ, ಬೇರೆಯವರು ಕಟ್ಟಿದ್ದನ್ನು ಹಾಕಿಕೊಳ್ಳಬಹುದು. ಕಸ್ಟಮ್ ರೋಮ್ ಅಂದರೆ ಅದೇ.

ಇದು ಇಂಜಿನಿಯರಿಂಗ್ ಕಾಲೇಜಿನ ಹುಡುಗರ ಆಟ, ಕನ್ನಡಕ್ಕೂ ಇದಕ್ಕೂ ಏನು ಸಂಬಂಧ ಎನ್ನುತ್ತೀರಾ? 2012ಕ್ಕೆ ಮುಂಚೆ ಆಂಡ್ರಾಯ್ಡ್ ಫೋನ್ ಹಿಡಿದಿದ್ದ ನಿಮ್ಮ ಅಣ್ಣಂದಿರನ್ನು, ಅಕ್ಕಂದಿರನ್ನು ಕೇಳಿ. ಊರಿನಿಂದ ಕನ್ನಡದಲ್ಲಿ ಮೆಸೇಜ್ ಬಂದರೆ ಕಾಣುತ್ತಿದ್ದುದು ಸಾಲು ಸಾಲು ಖಾಲಿ ಚೌಕ. ಕನ್ನಡ ಪತ್ರಿಕೆಯ ಪುಟ ತೆರೆದರೂ ಚೌಕ. ಕೆಲವು ಕಂಪನಿಗಳು ತಾವಾಗಿ ಅಕ್ಷರ ಸೇರಿಸಿದ್ದುಂಟು, ಮಿಕ್ಕವಕ್ಕೆ ಅದರ ಗೊಡವೆಯೇ ಇರಲಿಲ್ಲ. ಬೇಕಾಗಿದ್ದುದು ಒಂದು ಫಾಂಟು, ಒಂದು ಸಿನಿಮಾ ಹಾಡಿಗಿಂತ ಚಿಕ್ಕ ಕಡತ. ಆದರೆ ಅದನ್ನು ಇಡಬೇಕಾದ ಜಾಗ ಸಿಸ್ಟಂ ವಿಭಾಗದೊಳಗೆ. ಅಲ್ಲಿಗೆ ರೂಟ್ ಅಲ್ಲದವರಿಗೆ ಪ್ರವೇಶವಿಲ್ಲ. ಎರಡು ಸಾವಿರ ವರ್ಷದ ನುಡಿ ಒಂದು ಕಡತದ ಅನುಮತಿಗಾಗಿ ಬಾಗಿಲಲ್ಲಿ ಕಾದು ನಿಂತಿತ್ತು!

ಕಾಯದ ಹುಡುಗರು ಬೀಗ ಮುರಿದರು. ಫೋನ್ ರೂಟ್ ಮಾಡಿ, ಹಳೆಯ ಫಾಂಟಿನ ಜಾಗದಲ್ಲಿ ಕನ್ನಡ ಬೆರೆಸಿದ ಫಾಂಟು ಕೂರಿಸಿದರು. ಅಕ್ಷರ ಬಂತು. ಆದರೆ ಒತ್ತಕ್ಷರ ಕೂಡಿಸುವ ಬುದ್ಧಿ ಆ ಆವೃತ್ತಿಗಳಿಗೆ ಇರಲಿಲ್ಲ. 'ಕನ್ನಡ' ಎಂಬ ಪದವೇ 'ಕನ್‌ನಡ' ಎಂದು ಮುರಿದು ನಿಲ್ಲುತ್ತಿತ್ತು. ರೂಟ್ ಮಾಡಲು ಹೆದರಿದವರು ಒಪೆರಾ ಮಿನಿಯ ಒಳಗೆ ಅಡಗಿದ್ದ ಒಂದು ಸೆಟ್ಟಿಂಗ್ ಹುಡುಕಿ, ಅಕ್ಷರಗಳನ್ನು ಚಿತ್ರದ ರೂಪದಲ್ಲಿ ತರಿಸಿಕೊಂಡು ಓದಿದರು. ನಮ್ಮ ನುಡಿಯನ್ನು ನಮ್ಮ ಫೋನಿನಲ್ಲಿ ಓದಲು ಕಳ್ಳದಾರಿ!

2012ರಲ್ಲಿ ಆಂಡ್ರಾಯ್ಡ್ 4.1 ಕನ್ನಡ ಅಕ್ಷರಗಳನ್ನು ತಂದಿತು. ಮೆನುಗಳು ಕನ್ನಡದಲ್ಲಿ ಬರಲು 2014ರ 5.0 ಆವೃತ್ತಿಯವರೆಗೆ ಕಾಯಬೇಕಾಯಿತು. ಆದರೆ ಹಳೆಯ ಫೋನ್ ಇಟ್ಟುಕೊಂಡವರ ಗತಿ? 2010ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್ ನೋಡಿ. ಕಂಪನಿ ಅದನ್ನು 2.3ಕ್ಕೇ ನಿಲ್ಲಿಸಿತು. ಸಂಬಳವಿಲ್ಲದೆ ದುಡಿಯುತ್ತಿದ್ದ ಸೈನೊಜೆನ್‌ಮಾಡ್ ಬಳಗದವರು ಅದೇ ಫೋನಿಗೆ 4.1 ಕಟ್ಟಿಕೊಟ್ಟರು, ಅದರ ಜತೆಗೆ ಕನ್ನಡವೂ ಬಂತು. ಕಂಪನಿ ಕೈಬಿಟ್ಟ ಯಂತ್ರ, ಕಾಣದ ಊರಿನ ಹುಡುಗರ ಶ್ರಮದಿಂದ ಕನ್ನಡ ಕಲಿಯಿತು. ಸ್ಟೀವ್ ಕಾಂಡಿಕ್ ಎಂಬಾತ ಶುರುಮಾಡಿದ ಈ ಕೆಲಸಕ್ಕೆ ತನ್ನ ಆ್ಯಪ್‌ಗಳನ್ನು ಸೇರಿಸಬಾರದೆಂದು ಗೂಗಲ್ 2009ರಲ್ಲೇ ನೋಟಿಸು ಕೊಟ್ಟಿತ್ತು. ಕೆಲಸ ನಿಲ್ಲಲಿಲ್ಲ. 2016ರ ಕೊನೆಗೆ ಸೈನೊಜೆನ್‌ಮಾಡ್ ಮುಚ್ಚಿದಾಗ ಅದರ ಬೇರಿನಿಂದಲೇ ಲಿನಿಯೇಜ್‌ಓಎಸ್ ಚಿಗುರಿತು.

ಈಗ ಎಲ್ಲ ಸರಿಹೋಗಿದೆಯಲ್ಲ ಎನ್ನುವವರು ಇದನ್ನು ಕೇಳಿ. 2016ರಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿತು. ಇಲ್ಲಿ ಮಾರುವ ಫೋನಿನಲ್ಲಿ 22 ಭಾಷೆಗಳನ್ನು ಓದಲು ಆಗಬೇಕು. ಬರೆಯುವುದಕ್ಕೆ? ಇಂಗ್ಲಿಷ್, ಹಿಂದಿ, ಜತೆಗೆ ಕನಿಷ್ಠ ಇನ್ನೊಂದು ಭಾರತೀಯ ಭಾಷೆ! ಹಿಂದಿಗೆ ಕಾಯಂ ಕುರ್ಚಿ. ಕನ್ನಡ, ತಮಿಳು, ಬಂಗಾಳಿಗಳೆಲ್ಲ 'ಇನ್ನೊಂದು' ಎಂಬ ಒಂದೇ ಬೆಂಚಿನಲ್ಲಿ ತಳ್ಳಾಡಿಕೊಂಡು ಕೂರಬೇಕು. ಇಂದು ಸ್ಮಾರ್ಟ್‌ಫೋನುಗಳಲ್ಲಿ ಕನ್ನಡ ಕೀಲಿಮಣೆ ಸಿಗುತ್ತಿದೆ, ನಿಜ. ಅದು ಕಂಪನಿಗಳ ವ್ಯಾಪಾರದ ಲೆಕ್ಕದಲ್ಲಿ ಸಿಕ್ಕಿದ್ದೇ ಹೊರತು ಆ ಆದೇಶ ಕೊಟ್ಟ ಹಕ್ಕಲ್ಲ. ಇನ್ನು ನಮ್ಮ ಪಕ್ಕದಲ್ಲೇ ಇರುವ ತುಳುವಿನ ಕಥೆ ನೋಡಿ. ತುಳು-ತಿಗಳಾರಿ ಲಿಪಿ ಯೂನಿಕೋಡ್ ಸೇರಿದ್ದು 2024ರಲ್ಲಿ. ಅದಕ್ಕೂ ಮೊದಲೇ ನವೀಕರಣ ನಿಂತ ಫೋನಿನಲ್ಲಿ ಆ ಅಕ್ಷರಗಳು ಮತ್ತದೇ ಖಾಲಿ ಚೌಕ. ನಾವು ಅನುಭವಿಸಿದ್ದನ್ನು ಈಗ ತುಳುವರು ಅನುಭವಿಸಬೇಕೇ?

ಬೀಗ ನಿಮ್ಮ ರಕ್ಷಣೆಗೇ ಎಂದು ಕಂಪನಿಗಳು ಹೇಳುತ್ತವೆ. ಅದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಮುಚ್ಚಿಡುವುದಿಲ್ಲ. ರೂಟ್ ಆದ ಫೋನಿನಲ್ಲಿ ಕೆಟ್ಟ ಆ್ಯಪ್‌ಗೆ ಆ ಅಧಿಕಾರ ಸಿಕ್ಕಿದರೆ ನಿಮ್ಮ ಸರ್ವಸ್ವವೂ ಅದರ ಕೈಯಲ್ಲಿ. ಬ್ಯಾಂಕಿನ ಎಷ್ಟೋ ಆ್ಯಪ್‌ಗಳು ರೂಟ್ ವಾಸನೆ ಬಡಿದರೆ ತೆರೆಯುವುದೇ ಇಲ್ಲ. ಸ್ಯಾಮ್‌ಸಂಗ್ ಫೋನುಗಳಲ್ಲಿ ಬೇರೆ ತಂತ್ರಾಂಶ ಹಾಕಿದೊಡನೆ ಒಳಗೆ ಒಂದು ಫ್ಯೂಸ್ ಸುಡುತ್ತದೆ. ಮತ್ತೆ ಹಳೆಯದನ್ನೇ ಹಾಕಿದರೂ ಅದು ಕೂಡುವುದಿಲ್ಲ, ಅವರ ಸೆಕ್ಯೂರ್ ಫೋಲ್ಡರ್ ಆಮೇಲೆ ಕೆಲಸ ಮಾಡುವುದಿಲ್ಲ. ಆದ್ದರಿಂದ ಯುಪಿಐ ನಡೆಸುವ ಒಂದೇ ಒಂದು ಫೋನ್ ಇರುವವರು ಅದರ ಮೇಲೆ ಕೈಯಾಡಿಸಬೇಡಿ.

ಆದರೆ ಉಳಿದರ್ಧ? ಗೂಗಲ್ ತನ್ನದೇ ಪಿಕ್ಸೆಲ್ ಫೋನಿನಲ್ಲಿ ಬೀಗ ತೆರೆಯುವ ಗುಂಡಿಯನ್ನು ಸೆಟ್ಟಿಂಗ್‌ನಲ್ಲೇ ಇಟ್ಟಿದೆ. ತೆರೆಯುವುದೇ ಅಪಾಯವಾಗಿದ್ದರೆ ಅವರೇಕೆ ಇಡುತ್ತಿದ್ದರು? ಹುವಾವೆ 2018ರಲ್ಲಿ ಬೀಗ ತೆರೆಯುವ ಕೋಡ್ ಕೊಡುವುದನ್ನೇ ನಿಲ್ಲಿಸಿತು. ಫೋನ್ ಕಂಪನಿಗಳ ಕೈಯನ್ನೇ ಗೂಗಲ್ ಒಪ್ಪಂದಗಳಲ್ಲಿ ಕಟ್ಟಿಹಾಕಿತ್ತೆಂದು ಭಾರತೀಯ ಸ್ಪರ್ಧಾ ಆಯೋಗ 2022ರಲ್ಲಿ ಅದಕ್ಕೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. 2023ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯೂ ಆ ದಂಡವನ್ನು ಎತ್ತಿಹಿಡಿಯಿತು. ರೂಟ್ ಮಾಡಿದರೆ ಜೈಲು ಎಂದು ಹೆದರಿಸುವವರಿಗೂ ಒಂದು ಮಾತು. ನಮ್ಮ ಕಾಯಿದೆಗೆ 2012ರಲ್ಲಿ ಸೇರಿದ 65-ಎ ಕಲಮು ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆಯುವವರ ಮೇಲಿನದು. ಕೊಂಡ ಫೋನಿಗೆ ಕನ್ನಡ ಫಾಂಟು ಹಾಕಿಕೊಳ್ಳುವವರ ಮೇಲಿನದಲ್ಲ.

ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ನವೀಕರಣ ನಿಲ್ಲಿಸಿದ ದಿನ ಕಂಪನಿ ಬೀಗದ ಕೈಯನ್ನು ಕೊಂಡವರಿಗೆ ಒಪ್ಪಿಸಬೇಕು. ದುರಸ್ತಿ ಹಕ್ಕಿನ ಚೌಕಟ್ಟಿಗಾಗಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ಮಾಡಿತು. ಎಸ್.ಪಿ. ರಸ್ತೆಯಲ್ಲಿ ಒಡೆದ ಪರದೆ ಬದಲಿಸಿಕೊಳ್ಳುವುದು ಹಕ್ಕಾದರೆ, ಒಳಗಿನ ಸತ್ತ ತಂತ್ರಾಂಶ ಬದಲಿಸಿಕೊಳ್ಳುವುದೂ ಹಕ್ಕೇ. ಆ ಇಲಾಖೆಗೆ ಪತ್ರ ಬರೆಯಿರಿ, ಕನ್ನಡದಲ್ಲೇ ಬರೆಯಿರಿ.

ಮುಂದಿನ ಫೋನ್ ಕೊಳ್ಳುವ ಮುಂಚೆ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ನೋಡುವಂತೆ, ಲಿನಿಯೇಜ್‌ಓಎಸ್ ಪಟ್ಟಿಯಲ್ಲಿ ಆ ಮಾಡೆಲ್ ಇದೆಯೇ ಎಂದೂ ನೋಡಿ. ಕೈ ಪಳಗಿಸಿಕೊಳ್ಳಲು ಮನೆಯ ಬೀರುವಿನಲ್ಲಿ ಬಿದ್ದಿರುವ ಹಳೆಯ ಫೋನೇ ಸಾಕು. ಮಾಡೆಲ್ ನಂಬರು ಒಂದಕ್ಷರವೂ ತಪ್ಪದಂತೆ ನೋಡಿಕೊಳ್ಳಿ, ಬೇರೆ ಮಾಡೆಲ್ಲಿನ ಕಡತ ಹಾಕಿದರೆ ಫೋನ್ ಡೆಡ್. ಅದಕ್ಕೂ ಮೊದಲು ಅದರಲ್ಲಿರುವ ಫೋಟೋಗಳನ್ನೆಲ್ಲ ಬೇರೆ ಕಡೆ ತೆಗೆದಿಟ್ಟುಕೊಳ್ಳಿ. ಬೂಟ್‌ಲೋಡರ್ ಬೀಗ ತೆರೆದ ಕೂಡಲೇ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ.