ಲೈಟು ನಮಗಾ, ಎದುರಿಗೆ ಬರೋರಿಗಾ?

ಗಂಡಸಿ ಹ್ಯಾಂಡ್‌ಪೋಸ್ಟ್ ಕಡೆ ರಾತ್ರಿ ಓಡಾಡೋರಿಗೆ ಗೊತ್ತು, ಎದುರಿಂದ ಬಿಳಿ ಲೈಟಿನ ಕಾರು ಬಂದ್ರೆ ಪಕ್ಕದಲ್ಲಿ ಹೋಗೋ ಎತ್ತಿನಗಾಡೀನೂ ಕಾಣಲ್ಲ. ಹುಡುಗ್ರಿಗೆ ಈಗ ಕ್ಸೆನಾನ್ ಹುಚ್ಚು. ಬ್ಯಾಡ ಅನ್ನಲ್ಲ, ಆದ್ರೆ ಬರೀ ಬಲ್ಬ್ ತಂದು ಹಳೇ ಡೂಮ್‌ಗೆ ಸಿಕ್ಕಿಸೋದು ತಪ್ಪು ಕಣ್ರಪ್ಪ.

ಆ ಡೂಮ್ ಮಾಡಿರೋದು ಹ್ಯಾಲೋಜನ್ ಬಲ್ಬಿನ ತಂತಿ ಎಲ್ಲಿ ಉರಿಯುತ್ತೋ ಆ ಲೆಕ್ಕಕ್ಕೆ. ಕ್ಸೆನಾನ್‌ನಲ್ಲಿ ತಂತೀನೇ ಇಲ್ಲ, ಬೆಳಕು ಹುಟ್ಟೋ ರೀತಿನೇ ಬೇರೆ. ಹಂಗಾಗಿ ದಿಕ್ಕಾಪಾಲು ಚೆಲ್ಲುತ್ತೆ. ಪ್ರೊಜೆಕ್ಟರ್ ಒಳಗೆ ಅಡ್ಡ ಒಂದು ತಗಡು ಇರುತ್ತೆ, ಮೇಲಕ್ಕೆ ಏಳೋ ಬೆಳಕನ್ನ ಅದು ತಡೀತದೆ. ಹಾಕ್ಸೋದಾದ್ರೆ ಅದನ್ನೇ ಹಾಕ್ಸಿ. ಎಡಗಡೆ ಓಡಿಸೋ ದೇಶಕ್ಕೆ ಮಾಡಿದ್ದಾ ಅಂತ ಕೇಳಿ ತಗಳಿ, ಇಲ್ಲಾಂದ್ರೆ ಬೆಳಕು ಎದುರಿನವನ ಕಡೆಗೇ ಏಳುತ್ತೆ. ಆಮೇಲೆ ಗೋಡೆಗೆ ಬಿಟ್ಟು ಎತ್ತರ ಹೊಂದಿಸ್ಬೇಕು. ಹಿಂದೆ ಕಾಯಿ ಮೂಟೆ ತುಂಬಿದ್ರೆ ಗಾಡಿ ಮೂತಿ ಎದ್ದು ಲೈಟೂ ಮೇಲಾಗುತ್ತೆ, ಅಂಗಡಿಯವರು ಇದನ್ನ ಹೇಳಲ್ಲ.

2024ರ ಜುಲೈಯಿಂದ ಕಣ್ಣು ಕುಕ್ಕೋ ಎಲ್‌ಇಡಿ ಲೈಟಿಗೆ ಕೇಸ್ ಹಾಕ್ತೀವಿ ಅಂತ ರಾಜ್ಯದ ಪೊಲೀಸರು ಹೇಳಿದ್ರು. ಹೆದ್ದಾರೀಲಿ ಹಿಡಿದಾರು, ತೋಟದ ದಾರೀಲಿ ಯಾರು ಹಿಡೀತಾರೆ?

ಮೊದಲು ಮಂಕಾದ ಡೂಮ್ ಉಜ್ಜಿಸಿ, ವೈರಿಂಗ್‌ಗೆ ರಿಲೇ ಹಾಕ್ಸಿ ನೋಡಿ. ನಮ್ಮ ಪಿಕಪ್ಪಿಗೆ ಅಷ್ಟೇ ಸಾಕಾಗೈತೆ.